ಟೇಬಲ್ ಕವರ್ ಮೇಲೆ ನಿಮ್ಮ ಬ್ರ್ಯಾಂಡ್ ಬಣ್ಣ ಸರಿಯಾಗಿ ಬರಬೇಕೆಂದರೆ

ಲೋಗೋದ ಕೆಂಪು ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇತ್ತು, ವಿಸಿಟಿಂಗ್ ಕಾರ್ಡಿನಲ್ಲೂ ಸರಿಯಾಗಿತ್ತು, ಟೇಬಲ್ ಕವರ್ ಮೇಲೆ ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಯಾಕೆ? ಎಕ್ಸ್‌ಪೋ, ಉದ್ಯೋಗ ಮೇಳ, ಕಾಲೇಜು ಫೆಸ್ಟ್‌ಗಳಲ್ಲಿ ಸ್ಟಾಲ್ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಪ್ರಿಂಟ್ ಹಾಕಿದವರನ್ನು ಬೈದು ಸುಮ್ಮನಾಗುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಎಡವಟ್ಟು ಶುರುವಾಗುವುದು ಆರ್ಡರ್ ಕೊಡುವಾಗಲೇ. "ಲೋಗೋ ಬಣ್ಣವೇ ಬರಲಿ" ಎಂದಷ್ಟೇ ಹೇಳಿರುತ್ತಾರೆ. ಯಾವ ವಸ್ತುವಿನ ಪಕ್ಕ ಇಟ್ಟು, ಯಾವ ಬೆಳಕಿನಲ್ಲಿ ನೋಡಿ, ಎಷ್ಟು ವ್ಯತ್ಯಾಸ ಒಪ್ಪುತ್ತೇವೆ ಎಂಬುದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.

ಇಲ್ಲಿ ಹೇಳುವುದು ಪಾಲಿಯೆಸ್ಟರ್ ಬಟ್ಟೆಯ ಮೇಲಿನ ಸಬ್ಲಿಮೇಷನ್ ಪ್ರಿಂಟ್ ಬಗ್ಗೆ. ಇವತ್ತು ಸ್ಟಾಲ್‌ಗಳಲ್ಲಿ ಕಾಣುವ, ಇಡೀ ಬಟ್ಟೆ ತುಂಬ ಬಣ್ಣವಿರುವ ಟೇಬಲ್ ಕವರ್‌ಗಳು ಸಾಮಾನ್ಯವಾಗಿ ಇದೇ ವಿಧಾನದವು. ಡಿಸೈನನ್ನು ಮೊದಲು ಕಾಗದದ ಮೇಲೆ ತಿರುವುಮುರುವಾಗಿ ಪ್ರಿಂಟ್ ಮಾಡುತ್ತಾರೆ. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಶಾಖಕ್ಕೆ ಇಂಕಿನ ಬಣ್ಣ ನೇರವಾಗಿ ಅನಿಲವಾಗಿ, ಪಾಲಿಯೆಸ್ಟರ್ ಎಳೆಯೊಳಗೆ ಇಳಿದು ಅಲ್ಲೇ ಕೂರುತ್ತದೆ. ಅಂದರೆ ಕೊನೆಯ ಬಣ್ಣವನ್ನು ನಿರ್ಧರಿಸುವುದು ಫೈಲ್ ಒಂದೇ ಅಲ್ಲ. ಇಂಕ್, ಕಾಗದ, ಬಟ್ಟೆ, ಶಾಖ, ಒತ್ತಡ, ಸಮಯ ಎಲ್ಲವೂ ಸೇರಿ. ಇವುಗಳಲ್ಲಿ ಒಂದು ಬದಲಾದರೂ ಬಣ್ಣ ಬದಲಾಗುತ್ತದೆ.

ಬೇಕಾಗುವ ಸಾಮಾನು

ಲೋಗೋದ ಮೂಲ ಫೈಲ್, ಬ್ರ್ಯಾಂಡ್ ಬಣ್ಣವನ್ನು ಗುರುತಿಸುವ ಪ್ಯಾಂಟೋನ್ ಸಂಖ್ಯೆ (ಏನೆಂದು ಮೊದಲ ಹಂತದಲ್ಲಿದೆ), ಆ ಬಣ್ಣವನ್ನು ಕಣ್ಣಾರೆ ತೋರಿಸುವ ಒಂದು ಭೌತಿಕ ಮಾದರಿ, ಟೇಬಲ್ಲಿನ ಉದ್ದ, ಅಗಲ, ಎತ್ತರದ ಅಳತೆ. ಇವುಗಳ ಜೊತೆಗೆ ಸಮಯವೂ ಬೇಕು. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಪ್ರೆಸ್ಸಿಗೆ ಹೋದರೆ ಕೆಳಗಿನ ಹಂತಗಳಲ್ಲಿ ಅರ್ಧವನ್ನೂ ಮಾಡಲಾಗುವುದಿಲ್ಲ. ಎರಡು ಸುತ್ತು ಸ್ಯಾಂಪಲ್‌ಗೆ ಅವಕಾಶ ಇರುವಂತೆ ಎರಡು ವಾರ ಇಟ್ಟುಕೊಳ್ಳಿ.

1. ಬಣ್ಣಕ್ಕೆ ಒಂದೇ ಒಂದು ಗುರುತು ಕೊಡಿ

ಪ್ಯಾಂಟೋನ್ ಅಂದರೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ ಬಣ್ಣಗಳ ವ್ಯವಸ್ಥೆ. 1963ರಲ್ಲಿ ಮುದ್ರಣಕ್ಕಾಗಿ ಬಂದದ್ದು, ಈಗ ಎಲ್ಲೆಡೆ ಬಳಕೆಯಲ್ಲಿದೆ. ಪ್ಯಾಂಟೋನ್ 186 ಸಿ ಎಂದರೆ ಬೆಂಗಳೂರಿನಲ್ಲಾಗಲಿ ಸೂರತ್‌ನಲ್ಲಾಗಲಿ ಒಂದೇ ಕೆಂಪು.

ಸಂಖ್ಯೆಯ ಕೊನೆಯ ಅಕ್ಷರವನ್ನು ಬಿಡಬೇಡಿ. 'ಸಿ' ಎಂದರೆ ನುಣುಪು ಲೇಪನದ ಕಾಗದ, 'ಯು' ಎಂದರೆ ಲೇಪನವಿಲ್ಲದ ಕಾಗದ. ಇಂಕ್ ಒಂದೇ ಆದರೂ ಎರಡರಲ್ಲೂ ಕಾಣುವ ಬಣ್ಣ ಬೇರೆ, ಯು ಸಾಮಾನ್ಯವಾಗಿ ಮಂಕು. ಬಟ್ಟೆಗೆಂದೇ ಪ್ಯಾಂಟೋನ್‌ನ ಇನ್ನೊಂದು ಸರಣಿ ಇದೆ. ಅದರ ಸಂಖ್ಯೆ 18-1664 ಟಿಸಿಎಕ್ಸ್ ಎಂಬ ರೂಪದಲ್ಲಿರುತ್ತದೆ, ಮಾದರಿಯನ್ನು ಹತ್ತಿ ಬಟ್ಟೆಗೆ ಬಣ್ಣ ಹಾಕಿ ಮಾಡಿರುತ್ತಾರೆ. ಕಾಗದದ ಸಂಖ್ಯೆಗೂ ಟಿಸಿಎಕ್ಸ್ ಸಂಖ್ಯೆಗೂ ಒಂದಕ್ಕೊಂದು ತಾಳೆ ಇಲ್ಲ. ಹತ್ತಿರದ್ದು ಸಿಗಬಹುದು ಅಷ್ಟೆ. ಆದ್ದರಿಂದ ಒಂದನ್ನೇ ಹಿಡಿಯಿರಿ. ಬ್ರ್ಯಾಂಡ್ ಕೈಪಿಡಿಯಲ್ಲಿ ಸಿ ಸಂಖ್ಯೆ ಇದ್ದರೆ ಅದೇ ಸಾಕು.

ಕೈಪಿಡಿಯೇ ಇಲ್ಲ, ಲೋಗೋ ಮಾತ್ರ ಇದೆ ಎಂದಾದರೆ? ಪ್ರೆಸ್ಸಿಗೆ ಹೋಗಿ ಪ್ಯಾಂಟೋನ್ ಪುಸ್ತಕದ ಪಟ್ಟಿಗಳನ್ನು ನಿಮ್ಮ ಒಳ್ಳೆಯ ವಿಸಿಟಿಂಗ್ ಕಾರ್ಡಿನ ಪಕ್ಕ ಹಿಡಿದು, ಹತ್ತಿರದ ಸಂಖ್ಯೆಯನ್ನು ಆರಿಸಿ ಬರೆದುಕೊಳ್ಳಿ. ಪುಸ್ತಕ ಎಷ್ಟು ಹಳೆಯದು ಎಂದು ಕೇಳುವುದಕ್ಕೆ ಸಂಕೋಚ ಬೇಡ. ವರ್ಷಗಟ್ಟಲೆ ಬೆಳಕಿಗೆ ತೆರೆದಿಟ್ಟ ಪುಸ್ತಕದಲ್ಲಿ ಕಾಗದ ಹಳದಿಯಾಗಿ ಬಣ್ಣಗಳೂ ಜಾರಿರುತ್ತವೆ.

ಕೆಲವು ಬಣ್ಣಗಳ ಬಗ್ಗೆ ಮೊದಲೇ ಆಸೆ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಚಿನ್ನ, ಬೆಳ್ಳಿಯ ಲೋಹದ ಹೊಳಪು ಸಬ್ಲಿಮೇಷನ್‌ನಲ್ಲಿ ಬರುವುದೇ ಇಲ್ಲ. ಚಿನ್ನ ಕಂದುಹಳದಿಯಾಗುತ್ತದೆ, ಬೆಳ್ಳಿ ಬೂದು ಬಣ್ಣವಾಗುತ್ತದೆ. ನಿಯಾನ್ ಬಣ್ಣಕ್ಕೆ ಪ್ರತ್ಯೇಕ ಫ್ಲೋರೆಸೆಂಟ್ ಇಂಕ್ ಇರುವ ಮಷಿನ್ ಬೇಕು. ರಿಫ್ಲೆಕ್ಸ್ ಬ್ಲೂ ಎಂಬ ಗಾಢ ನೀಲಿ ಬಹಳ ಕಂಪನಿಗಳ ಲೋಗೋದಲ್ಲಿದೆ, ನಾಲ್ಕು ಇಂಕಿನ ಮಿಶ್ರಣದಲ್ಲಿ ಅದು ನೇರಳೆಯ ಕಡೆಗೆ ವಾಲುತ್ತದೆ. ತಿಳಿ ಬೂದು ಕಣ್ಣಿಗೆ ಸುಲಭದ ಬಣ್ಣ ಅನ್ನಿಸಿದರೂ ಪ್ರಿಂಟರಿಗೆ ಕಷ್ಟದ್ದು. ಅದರಲ್ಲಿ ಬೆರೆಯುವ ಮೂರು ಬಣ್ಣದ ಇಂಕುಗಳಲ್ಲಿ ಒಂದು ಚೂರು ಹೆಚ್ಚಾದರೂ ಹಸಿರು ಅಥವಾ ಗುಲಾಬಿ ಛಾಯೆ ಎದ್ದು ಕಾಣುತ್ತದೆ.

2. ಬಟ್ಟೆಯನ್ನು ಮೊದಲು ನಿರ್ಧರಿಸಿ, ಆಮೇಲೆ ಬದಲಿಸಬೇಡಿ

ಸಬ್ಲಿಮೇಷನ್ ಬಣ್ಣ ಹಿಡಿಯುವುದು ಪಾಲಿಯೆಸ್ಟರ್ ಎಳೆಯನ್ನು ಮಾತ್ರ. ಹತ್ತಿ ಬೆರೆತ ಬಟ್ಟೆಯಲ್ಲಿ ಹತ್ತಿಯ ಎಳೆಗಳು ಬಿಳಿಯಾಗಿ ಉಳಿದು ಬಣ್ಣ ತೆಳುವಾಗುತ್ತದೆ, ಒಂದೆರಡು ಸಲ ಒಗೆದರೆ ಇನ್ನೂ ತೆಳುವಾಗುತ್ತದೆ. ನೂರಕ್ಕೆ ನೂರು ಪಾಲಿಯೆಸ್ಟರ್ ಎಂದು ಆರ್ಡರಿನಲ್ಲಿ ಬರೆಸಿ.

ಈ ವಿಧಾನದಲ್ಲಿ ಬಿಳಿ ಇಂಕ್ ಇಲ್ಲ. ಲೋಗೋದ ಬಿಳಿ ಅಂದರೆ ಬಟ್ಟೆಯ ಬಿಳಿಯೇ. ಬಟ್ಟೆ ಕೆನೆ ಬಣ್ಣದ್ದಾದರೆ ಲೋಗೋದ ಅಕ್ಷರಗಳೂ ಕೆನೆ, ನೀಲಿ ಸ್ವಲ್ಪ ಹಸಿರು. ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. ಬಿಳಿ ಅಂಗಿಗೆ ನೀಲಿ ಅದ್ದುವ ಹಾಗೆ, ಬಟ್ಟೆಯ ಮಿಲ್‌ಗಳಲ್ಲಿ ಬಿಳುಪು ಹೆಚ್ಚಿಸಲು ಆಪ್ಟಿಕಲ್ ಬ್ರೈಟ್ನರ್ ಎಂಬ ರಾಸಾಯನಿಕ ಸೇರಿಸುತ್ತಾರೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ ಅದು ನೀಲಿಯಾಗಿ ಮಿನುಗುತ್ತದೆ, ಎಲ್‌ಇಡಿ ಬೆಳಕಿನಲ್ಲಿ ಅಷ್ಟು ಮಿನುಗುವುದಿಲ್ಲ. ತಿಳಿ ಬಣ್ಣಗಳು ಹೊರಗೊಂದು ಒಳಗೊಂದು ರೀತಿ ಕಾಣುವುದಕ್ಕೆ ಇದೂ ಒಂದು ಕಾರಣ.

ದಪ್ಪವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂದು ಹೇಳುತ್ತಾರೆ. ಟೇಬಲ್ ಕವರಿಗೆ 200ರ ಆಸುಪಾಸು ಒಳ್ಳೆಯದು. ತೀರಾ ತೆಳುವಾದರೆ ಕೆಳಗಿನ ಕಂದು ಹಲಗೆಯೋ ಕಬ್ಬಿಣದ ಕಾಲೋ ಬಟ್ಟೆಯ ಮೂಲಕ ಇಣುಕಿ ಬಣ್ಣವನ್ನು ಕೆಡಿಸುತ್ತದೆ.

ಟೇಬಲ್ಲಿಗೆ ಬಿಗಿಯಾಗಿ ಎಳೆದು ಹಾಕುವ ಸ್ಟ್ರೆಚ್ ಕವರ್ ಆರಿಸಿದ್ದರೆ ಇನ್ನೊಂದು ಎಚ್ಚರಿಕೆ: ಎಳೆದಾಗ ಹೆಣಿಗೆ ಬಿಡಿಸಿಕೊಂಡು ಒಳಗಿನ ಬಿಳಿ ಎಳೆ ಕಾಣುತ್ತದೆ. ಮೂಲೆಗಳಲ್ಲಿ, ಕಾಲಿನ ಹತ್ತಿರ ಕಪ್ಪು ಮತ್ತು ಗಾಢ ಬಣ್ಣ ತಿಳಿಯಾಗುತ್ತದೆ. ಅಂಥ ಬಟ್ಟೆಯ ಸ್ಯಾಂಪಲನ್ನು ಎಳೆದು ಹಿಡಿದೇ ನೋಡಬೇಕು. ಬ್ರ್ಯಾಂಡ್ ಬಣ್ಣ ಗಾಢವಾಗಿದ್ದು ಅದು ಕರಾರುವಾಕ್ಕಾಗಿ ಬರಲೇಬೇಕು ಎಂದಾದರೆ, ಸ್ಟ್ರೆಚ್ ಬಿಟ್ಟು ಸಡಿಲವಾಗಿ ಇಳಿಬೀಳುವ ಕವರ್ ಮಾಡಿಸುವುದೇ ಮೇಲು.

3. ಫೈಲ್ ಹೀಗಿರಲಿ

ಲೋಗೋ ವೆಕ್ಟರ್ ಆಗಿರಬೇಕು, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಎಐ ಅಥವಾ ಪಿಡಿಎಫ್ ಫೈಲ್. ಬ್ರ್ಯಾಂಡ್ ಬಣ್ಣ ಇರುವ ಕಡೆಯಲ್ಲೆಲ್ಲ ಅದನ್ನು ಸ್ಪಾಟ್ ಬಣ್ಣವಾಗಿ ಹಾಕಿ. ಸ್ಪಾಟ್ ಎಂದರೆ ಮಿಶ್ರಣದ ಪ್ರಮಾಣ ಕೊಡದೆ ಹೆಸರಿನಿಂದಲೇ ಗುರುತಿಸಿದ ಬಣ್ಣ. ಪ್ರೆಸ್ಸಿನಲ್ಲಿರುವ ರಿಪ್ ಎಂಬ ತಂತ್ರಾಂಶ, ಅಂದರೆ ನಿಮ್ಮ ಫೈಲನ್ನು ಇಂಕಿನ ಚುಕ್ಕೆಗಳಾಗಿ ಬದಲಿಸುವ ಪ್ರೋಗ್ರಾಂ, ಆ ಹೆಸರನ್ನು ಓದಿ ತನ್ನ ಪಟ್ಟಿಯಲ್ಲಿರುವ ಮಿಶ್ರಣವನ್ನು ತೆಗೆದುಕೊಳ್ಳುತ್ತದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ, "ನಮ್ಮ ಕೆಂಪು ಹೊಸದು" ಎಂದು ನೀವೇ ಹೆಸರಿಟ್ಟಿದ್ದರೂ ಅದಕ್ಕೆ ಗುರುತು ಸಿಗುವುದಿಲ್ಲ. ಸ್ಪಾಟ್ ಬಣ್ಣದ ಮೇಲೆ ನೆರಳು, ಪಾರದರ್ಶಕತೆಯಂಥ ಎಫೆಕ್ಟ್ ಹಾಕಿದರೂ ಕೆಲವೊಮ್ಮೆ ಅದು ಮಾಮೂಲಿ ಮಿಶ್ರಣವಾಗಿ ಬದಲಾಗಿಬಿಡುತ್ತದೆ.

ಅಡೋಬಿ ತಂತ್ರಾಂಶಗಳಲ್ಲಿ ಮೊದಲು ತಾನಾಗಿಯೇ ಸಿಗುತ್ತಿದ್ದ ಪ್ಯಾಂಟೋನ್ ಪಟ್ಟಿಗಳಲ್ಲಿ ಹೆಚ್ಚಿನವನ್ನು 2022ರಲ್ಲಿ ತೆಗೆದುಹಾಕಿದರು, ಅವಕ್ಕೆ ಈಗ ಬೇರೆ ಚಂದಾ ಬೇಕು. ಹಳೆಯ ಫೋಟೋಶಾಪ್ ಫೈಲ್ ತೆರೆದಾಗ ಲೋಗೋ ಕಪ್ಪಾಗಿ ಕಂಡರೆ ಗಾಬರಿಯಾಗಬೇಡಿ, ಕಾರಣ ಇದೇ ಇರಬಹುದು. ಹಾಗೆಂದು ಅದನ್ನು ಹಾಗೆಯೇ ಪ್ರಿಂಟಿಗೆ ಕಳಿಸಲೂ ಬೇಡಿ.

ಇಲ್ಲಿ ಡಿಸೈನರ್‌ಗಳೇ ಮಾಡುವ ದೊಡ್ಡ ತಪ್ಪು ಒಂದಿದೆ. ಪ್ರಿಂಟ್ ಅಂದ ಕೂಡಲೇ ಅಭ್ಯಾಸಬಲದಿಂದ ಇಡೀ ಫೈಲನ್ನು ಆಫ್‌ಸೆಟ್, ಅಂದರೆ ಕಾಗದದ ಮಾಮೂಲಿ ಮುದ್ರಣದ ಸಿಎಂವೈಕೆಗೆ ಬದಲಿಸಿಬಿಡುತ್ತಾರೆ. ಸಿಎಂವೈಕೆ ಎಂದರೆ ಆಕಾಶ ನೀಲಿಯ ಸಯಾನ್, ಕಡುಗುಲಾಬಿಯ ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕು ಇಂಕುಗಳ ಲೆಕ್ಕ. ಕಾಗದದ ಮೇಲೆ ಆಫ್‌ಸೆಟ್ ಮುಟ್ಟಲಾಗದ ಎಷ್ಟೋ ಗಾಢ ಬಣ್ಣಗಳನ್ನು ಪಾಲಿಯೆಸ್ಟರ್ ಮೇಲೆ ಸಬ್ಲಿಮೇಷನ್ ಮುಟ್ಟುತ್ತದೆ. ಕಾಗದದ ಲೆಕ್ಕಕ್ಕೆ ಬದಲಿಸಿದ ಕ್ಷಣವೇ ಆ ಹೊಳಪು ಫೈಲಿನಿಂದ ಹೋಯಿತು, ಮತ್ತೆ ತರಲಾಗದು. ಸಿ 100, ಎಂ 70 (ಸಯಾನ್ ಶೇಕಡಾ 100, ಮಜೆಂಟಾ ಶೇಕಡಾ 70) ಎಂಬ ಅಂಕಿಗಳಿಗೂ ಬಟ್ಟೆಯ ಮೇಲೆ ಕಾಗದದಲ್ಲಿ ಇದ್ದ ಅರ್ಥ ಇರುವುದಿಲ್ಲ. ಫೋಟೋಗಳಿದ್ದರೆ ಆರ್‌ಜಿಬಿಯಲ್ಲೇ, ಅಂದರೆ ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲೇ ಬಿಟ್ಟು, ಫೈಲಿನ ಜೊತೆ ಐಸಿಸಿ ಪ್ರೊಫೈಲ್ ಇರುವಂತೆ ಸೇವ್ ಮಾಡಿ. ಫೈಲಿನ ಅಂಕಿಗಳು ಯಾವ ಬಣ್ಣವನ್ನು ಸೂಚಿಸುತ್ತವೆ ಎಂದು ಹೇಳುವ ಪಟ್ಟಿ ಅದು. ಪ್ರೆಸ್ಸಿನವರು ಬೇರೆ ರೀತಿ ಕೇಳಿದರೆ ಅವರು ಹೇಳಿದಂತೆಯೇ ಕೊಡಿ, ಅವರ ಮಷಿನ್ ಅವರಿಗೆ ಗೊತ್ತು.

ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಲಿಂಕ್ ಮೂಲಕ ಕಳಿಸಿ.

4. ಬಟ್ಟೆಯ ಮೇಲೇ ಸ್ಯಾಂಪಲ್ ತೆಗೆಸಿ

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಅಂದಾಜು. ಸ್ಯಾಂಪಲ್ ಎಂದರೆ ಸ್ಕ್ರೀನಿನ ಪ್ರೂಫ್ ಅಲ್ಲ, ಕಾಗದದ ಪ್ರಿಂಟೂ ಅಲ್ಲ. ಒತ್ತುವುದಕ್ಕೆ ಮೊದಲು ಸಬ್ಲಿಮೇಷನ್ ಕಾಗದದ ಮೇಲಿನ ಬಣ್ಣ ಮಂಕಾಗಿ, ಬೇರೆಯೇ ಆಗಿ ಕಾಣುತ್ತದೆ. ಅದನ್ನು ನೋಡಿ "ಸರಿ ಇಲ್ಲ" ಎಂದು ತಿದ್ದಿಸಲು ಹೊರಟವರು ಬಟ್ಟೆಯ ಮೇಲಿನ ಬಣ್ಣವನ್ನೂ ಕೆಡಿಸಿಕೊಳ್ಳುತ್ತಾರೆ.

ಮಾಡಿಸಬೇಕಾದ್ದು ಹೀಗೆ. ಆರಿಸಿದ ಅದೇ ಬಟ್ಟೆ, ಅದೇ ಮಷಿನ್, ಅದೇ ಶಾಖ. ಮೊದಲ ತುಂಡಿನಲ್ಲಿ ಲೋಗೋದ ಒಂದು ಭಾಗ ಮತ್ತು ಬ್ರ್ಯಾಂಡ್ ಬಣ್ಣದ 10 ಸೆಂಟಿಮೀಟರ್ ಚೌಕ ಇರಲಿ. ತೀರಾ ಚಿಕ್ಕ ಚೌಕ ಕಣ್ಣಿಗೆ ಮೋಸ ಮಾಡುತ್ತದೆ: ಚಿಕ್ಕ ತುಂಡಿನಲ್ಲಿ ಸರಿ ಅನ್ನಿಸಿದ್ದು ಇಡೀ ಟೇಬಲ್ ತುಂಬಿದಾಗ ಇನ್ನೂ ಢಾಳಾಗಿ ಕಾಣುತ್ತದೆ.

ಮೊದಲ ಸುತ್ತಿನಲ್ಲೇ ಬಣ್ಣ ಕೂಡಿಬಂದರೆ ಅದೃಷ್ಟ. ಬರದಿದ್ದರೆ ಒಂದೊಂದೇ ತಿದ್ದುಪಡಿ ಮಾಡಿಸುತ್ತಾ ಓಡಾಡುವ ಬದಲು ಶೇಡ್ ಚಾರ್ಟ್ ಕೇಳಿ. ಐದು ಸಾಲು, ಐದು ಕಂಬ, ಒಟ್ಟು 25 ಚೌಕ, ಪ್ರತಿಯೊಂದೂ 5 ಸೆಂಟಿಮೀಟರ್. ನಡುವಿನ ಚೌಕದಲ್ಲಿ ಈಗಿರುವ ಮಿಶ್ರಣ. ಅಡ್ಡಕ್ಕೆ ಹೋದಂತೆ ಒಂದು ಇಂಕ್ ಶೇಕಡಾ 3ರಂತೆ ಏರುತ್ತದೆ ಅಥವಾ ಇಳಿಯುತ್ತದೆ, ಉದ್ದಕ್ಕೆ ಹೋದಂತೆ ಇನ್ನೊಂದು. ಪ್ರತಿ ಚೌಕದ ಕೆಳಗೆ ಅದರ ಅಂಕಿಗಳೂ ಪ್ರಿಂಟ್ ಆಗಿರಬೇಕು, ಇಲ್ಲದಿದ್ದರೆ ಆರಿಸಿದ ಮೇಲೆ ಅದು ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಕೆಂಪಿಗಾದರೆ ಮಜೆಂಟಾ ಮತ್ತು ಹಳದಿಯನ್ನು, ಗಾಢ ನೀಲಿಗಾದರೆ ಸಯಾನ್ ಮತ್ತು ಮಜೆಂಟಾವನ್ನು ಬದಲಿಸಿ.

ಕೆಂಪು ಕಿತ್ತಳೆಯ ಕಡೆ ಹೋದರೆ ಹಳದಿ ಇಳಿಸಬೇಕು, ಗುಲಾಬಿಯ ಕಡೆ ಹೋದರೆ ಹಳದಿ ಏರಿಸಬೇಕು. ಇಟ್ಟಿಗೆಯಂತೆ ಮಂಕಾಗಿದ್ದರೆ ಸಯಾನ್ ಅಥವಾ ಕಪ್ಪು ಎಲ್ಲೋ ನುಸುಳಿದೆ, ಮೊದಲು ಅದನ್ನು ತೆಗೆಸಿ. ಅದು ಶೂನ್ಯವಾಗಿದ್ದೂ ಮಂಕಾಗಿದ್ದರೆ ಕಾರಣ ಫೈಲಲ್ಲ, ಶಾಖ ಅಥವಾ ಸಮಯ. ನೀಲಿ ನೇರಳೆಯಾಗಿದ್ದರೆ ಮಜೆಂಟಾ ಇಳಿಸಿ. ರಾಜ್ಯೋತ್ಸವದ ಕವರ್ ಮಾಡಿಸುವವರಿಗೆ ಒಂದು ಮಾತು: ಬಾವುಟದ ಹಳದಿಯಲ್ಲಿ ಶೇಕಡಾ 2-3ರಷ್ಟು ಸಯಾನ್ ಬೆರೆತರೂ ಅದು ಹಸಿರಾಗಿ ಕಾಣುತ್ತದೆ, ಅರಿಶಿನದ ಬೆಚ್ಚನೆ ಛಾಯೆ ಬರಲು ಅದಕ್ಕೆ ಸ್ವಲ್ಪ ಮಜೆಂಟಾ ಬೇಕು.

ಕಪ್ಪು ಕಂದಾಗಿ ಅಥವಾ ಹಸಿರಾಗಿ ಬಂದರೆ ಮಿಶ್ರಣವನ್ನು ಮುಟ್ಟುವ ಮೊದಲು ಒತ್ತುವ ಶಾಖ, ಸಮಯಗಳನ್ನು ಪರೀಕ್ಷಿಸಲು ಹೇಳಿ. ಕಪ್ಪು ಇಂಕಿನಲ್ಲಿರುವ ಬೇರೆ ಬೇರೆ ಬಣ್ಣದ ಅಂಶಗಳು ಒಂದೇ ವೇಗದಲ್ಲಿ ಬಟ್ಟೆಗೆ ಇಳಿಯುವುದಿಲ್ಲ. ಶಾಖ ಹೆಚ್ಚುಕಡಿಮೆಯಾದರೆ ಒಂದು ಮುಂದೆ, ಒಂದು ಹಿಂದೆ ಆಗುತ್ತದೆ. ಮಳೆಗಾಲದಲ್ಲಿ ಕಾಗದ, ಬಟ್ಟೆ ಎರಡೂ ತೇವ ಹೀರಿ ಮಚ್ಚೆ ಮಚ್ಚೆಯಾಗುವುದುಂಟು. ಕರಾವಳಿ, ಮಲೆನಾಡಿನ ಪ್ರೆಸ್‌ಗಳಲ್ಲಿ ಇದು ಮಾಮೂಲು. ಕಾಗದ ಇಡುವ ಮೊದಲು ಬಟ್ಟೆಯನ್ನು ಕೆಲವು ಸೆಕೆಂಡು ಬರಿದೇ ಒತ್ತಿ ತೇವ ತೆಗೆದರೆ ಸರಿಹೋಗುತ್ತದೆ.

ಬಿಸಿ ಬಟ್ಟೆಯ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಪೂರ್ತಿ ಆರಲಿ.

5. ಯಾವ ಬೆಳಕಿನಲ್ಲಿ ನೋಡುತ್ತೀರಿ?

ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಪ್ಯಾಂಟೋನ್ ಪಟ್ಟಿಯ ಇಂಕ್ ಬೇರೆ, ಬಟ್ಟೆಯ ಬಣ್ಣದ ರಾಸಾಯನಿಕ ಬೇರೆ, ಹಾಗಾಗಿ ಇಲ್ಲಿ ಇದು ತಪ್ಪಿದ್ದಲ್ಲ. ಪ್ರೆಸ್ಸಿನಲ್ಲಿ ಲೈಟ್ ಬೂತ್, ಅಂದರೆ ಬಣ್ಣ ಹೋಲಿಸಲೆಂದೇ ಇರುವ ಬೆಳಕಿನ ಪೆಟ್ಟಿಗೆ ಇದ್ದರೆ ಡಿ65 ಬೆಳಕಿನಲ್ಲಿ ನೋಡಿ, ಅದು ಸುಮಾರು 6500 ಕೆಲ್ವಿನ್‌ನ ಹಗಲು ಬೆಳಕಿಗೆ ಸಮ. ಕಾಗದ ಮುದ್ರಣದವರು ಡಿ50 ಬಳಸುತ್ತಾರೆ, ಅದು ಸ್ವಲ್ಪ ಹಳದಿ. ಎರಡರಲ್ಲಿ ಯಾವುದೆಂದು ಮೊದಲೇ ಮಾತಾಡಿಕೊಳ್ಳಿ. ಬೂತ್ ಇಲ್ಲದಿದ್ದರೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ನೋಡಬಹುದು. ಸುತ್ತ ಬಣ್ಣದ ಗೋಡೆ, ನೀವು ತೊಟ್ಟ ಢಾಳು ಅಂಗಿ ಕೂಡ ಬಣ್ಣವನ್ನು ಬದಲಿಸುತ್ತವೆ.

ಆಮೇಲೆ ಅದೇ ತುಂಡನ್ನು ಕಾರ್ಯಕ್ರಮದ ಬೆಳಕನ್ನು ಹೋಲುವ ಬೆಳಕಿನಲ್ಲೂ ನೋಡಿ. ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಂಥ ಮುಚ್ಚಿದ ಸಭಾಂಗಣಕ್ಕೂ ಅರಮನೆ ಮೈದಾನದ ಶಾಮಿಯಾನಕ್ಕೂ ಬೆಳಕು ಬೇರೆ. ನೋಡುವಾಗ ಬಟ್ಟೆಯನ್ನು ಮಲಗಿಸಿ ಮಾತ್ರವಲ್ಲ, ನೇತುಹಾಕಿಯೂ ನೋಡಬೇಕು, ಏಕೆಂದರೆ ಲೋಗೋ ಇರುವುದು ಮುಂದಿನ ಇಳಿಬಿದ್ದ ಭಾಗದಲ್ಲಿ. ಮೇಲಿನ ದೀಪದ ಬೆಳಕು ಅಲ್ಲಿಗೆ ಕಡಿಮೆ ಬೀಳುವುದರಿಂದ ಅದು ಸಾಮಾನ್ಯವಾಗಿ ಸ್ವಲ್ಪ ಗಾಢವಾಗಿ ಕಾಣುತ್ತದೆ.

ಗಂಡಸರಲ್ಲಿ ಕೆಂಪು-ಹಸಿರು ಗೊಂದಲ ಅಪರೂಪವೇನಲ್ಲ, ಎಷ್ಟೋ ಜನರಿಗೆ ತಮಗಿರುವುದು ಗೊತ್ತೂ ಇರುವುದಿಲ್ಲ. ಒಪ್ಪಿಗೆ ಕೊಡುವಾಗ ಇಬ್ಬರು ನೋಡಿ. ಮೊಬೈಲಿನಲ್ಲಿ ಫೋಟೋ ತರಿಸಿಕೊಂಡು ಬಣ್ಣ ಒಪ್ಪುವುದಂತೂ ಬೇಡವೇ ಬೇಡ. ಬಿಳಿ ಯಾವುದೆಂದು ಕ್ಯಾಮೆರಾ ತಾನೇ ಊಹಿಸಿ ಇಡೀ ಚಿತ್ರದ ಬಣ್ಣ ಬದಲಿಸುತ್ತದೆ. ಊರು ದೂರವಾದರೆ ತುಂಡನ್ನೇ ಕೊರಿಯರ್ ಮಾಡಿಸಿ.

ಅಂಕಿಯಲ್ಲೇ ಬೇಕು ಎನ್ನುವವರಿಗೆ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಬಣ್ಣ ಅಳೆಯುವ ಉಪಕರಣ ಇದೆ. ಎರಡು ಬಣ್ಣಗಳ ನಡುವಿನ ಅಂತರವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ಹೇಳುತ್ತದೆ. 1ರ ಒಳಗಿನದು ಕಣ್ಣಿಗೆ ಸಿಗುವುದು ಕಷ್ಟ, 2-3 ಪಕ್ಕದಲ್ಲಿಟ್ಟರೆ ಪಳಗಿದ ಕಣ್ಣಿಗೆ ಸಿಗುತ್ತದೆ, 5 ದಾಟಿದರೆ ಯಾರಿಗಾದರೂ ಕಾಣುತ್ತದೆ. ಟೇಬಲ್ ಕವರಿಗೆ 'ಡೆಲ್ಟಾ ಇ 2000' ಎಂಬ ಹೆಸರಿನ ಸೂತ್ರದಲ್ಲಿ 3ರ ಒಳಗೆ ಎಂದು ಕೇಳುವುದು ನ್ಯಾಯ. 1 ಬೇಕೆಂದು ಹಠ ಹಿಡಿಯುವುದು ದುಡ್ಡು ದಂಡ. ಅಳೆಯುವಾಗ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಐದು ಕಡೆ ಅಳೆದು ಸರಾಸರಿ ತೆಗೆಯಬೇಕು. ಒಂದೇ ಮಡಿಕೆಯಾದರೆ ಕೆಳಗಿನ ಮೇಜಿನ ಬಣ್ಣವೂ ಲೆಕ್ಕಕ್ಕೆ ಸೇರುತ್ತದೆ.

6. ಒಪ್ಪಿಗೆಯನ್ನು ಬರಹದಲ್ಲಿ ಕೊಡಿ

ಒಪ್ಪಿದ ತುಂಡನ್ನು ಮೂರು ಭಾಗ ಮಾಡಿ. ಒಂದು ಪ್ರೆಸ್ಸಿಗೆ, ಒಂದು ನಿಮಗೆ, ಇನ್ನೊಂದು ಲಕೋಟೆಯಲ್ಲಿ ಬೆಳಕು ತಾಗದ ಕಡೆ. ಮೂರರ ಮೇಲೂ ತಾರೀಕು ಮತ್ತು ಸಹಿ. ಆರ್ಡರಿನಲ್ಲಿ ಹೀಗೆ ಬರೆಯಬಹುದು:

"ಹಿನ್ನೆಲೆ ಬಣ್ಣ ಪ್ಯಾಂಟೋನ್ 186 ಸಿ. ಹೋಲಿಕೆಗೆ ಸಹಿ ಮಾಡಿದ ಬಟ್ಟೆಯ ತುಂಡೇ ಅಂತಿಮ. ಬಟ್ಟೆ ನೂರು ಶೇಕಡಾ ಪಾಲಿಯೆಸ್ಟರ್, 200 ಜಿಎಸ್‌ಎಂ, ಸ್ಯಾಂಪಲ್ ತೆಗೆದ ಲಾಟ್‌ನದೇ. ಡಿ65 ಬೆಳಕಿನಲ್ಲಿ ಡೆಲ್ಟಾ ಇ 3ರ ಒಳಗೆ. ಬಟ್ಟೆ, ಇಂಕ್ ಅಥವಾ ಮಷಿನ್ ಬದಲಿಸುವುದಾದರೆ ಮುಂಚೆ ತಿಳಿಸಿ ಹೊಸ ಸ್ಯಾಂಪಲ್ ಕೊಡಬೇಕು."

ಪ್ಯಾಂಟೋನ್ ಸಂಖ್ಯೆಗಿಂತ ಸಹಿ ಮಾಡಿದ ತುಂಡೇ ಅಂತಿಮ ಎಂದು ಯಾಕೆ ಬರೆಯಬೇಕು? ನುಣುಪು ಕಾಗದದ ಮೇಲ್ಮೈಯ ಹೊಳಪು ಬಟ್ಟೆಗೆ ಎಂದೂ ಪೂರ್ತಿ ಬಾರದು. ಸಂಖ್ಯೆಯೊಂದನ್ನೇ ಹಿಡಿದು ಜಗಳಕ್ಕೆ ನಿಂತರೆ ಇಬ್ಬರದ್ದೂ ಸರಿ, ಇಬ್ಬರದ್ದೂ ತಪ್ಪು.

7. ಜೋಡಣೆ ಎಲ್ಲಿ ಬರುತ್ತದೆ ಎಂದು ಕೇಳಿ

ಆರು ಅಡಿ ಟೇಬಲ್ ಅಂದರೆ ಸಾಮಾನ್ಯವಾಗಿ 72 ಇಂಚು ಉದ್ದ, 30 ಇಂಚು ಅಗಲ, ಸುಮಾರು 30 ಇಂಚು ಎತ್ತರ. ನಾಲ್ಕೂ ಕಡೆ ನೆಲ ಮುಟ್ಟಬೇಕೆಂದರೆ ಬಟ್ಟೆ 132 ಇಂಚು ಉದ್ದ, 90 ಇಂಚು ಅಗಲ ಬೇಕು, ಅಂಚಿನ ಮಡಿಕೆಗೆ ಬೇರೆ. ಬಹಳ ಪ್ರೆಸ್‌ಗಳಲ್ಲಿರುವ ಮಷಿನ್ 64 ಇಂಚು ಅಗಲದ್ದು. ಅಂದರೆ ಎರಡು ತುಂಡು ಜೋಡಿಸಿ ಹೊಲಿಯಲೇಬೇಕು, ಬಣ್ಣದ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು ಆ ಹೊಲಿಗೆಯ ಜಾಗದಲ್ಲೇ.

ಮುಂದಿನ ಭಾಗ ಮತ್ತು ಟೇಬಲ್ಲಿನ ಮೇಲ್ಭಾಗ ಒಂದೇ ತುಂಡಿನಲ್ಲಿ ಬಂದು ಜೋಡಣೆ ಹಿಂದಿನ ಅಂಚಿಗೆ ಹೋಗಲಿ. 30ಕ್ಕೆ 30 ಸೇರಿ 60 ಇಂಚು, 64ರಲ್ಲಿ ಮಡಿಕೆಗೂ ಜಾಗ ಉಳಿದು ಹಿಡಿಯುತ್ತದೆ. ಎರಡೂ ತುಂಡು ಒಂದೇ ರೋಲಿನಿಂದ, ಒಂದೇ ದಿನ, ಒಂದರ ಹಿಂದೆ ಒಂದು ಪ್ರಿಂಟ್ ಆಗಬೇಕು. ಒತ್ತುವ ರೋಲರಿನ ಎಡಕ್ಕೂ ಬಲಕ್ಕೂ ಶಾಖ ಸ್ವಲ್ಪ ವ್ಯತ್ಯಾಸ ಇದ್ದರೆ ಒಂದು ತುಂಡಿನ ಬಲ ಅಂಚು ಇನ್ನೊಂದರ ಎಡ ಅಂಚಿಗೆ ಸೇರುವಲ್ಲಿ ಗೆರೆ ಕಾಣುತ್ತದೆ. ಸಾದಾ ನೇಯ್ಗೆಯ ಬಟ್ಟೆಯಾದರೆ ಎರಡನೇ ತುಂಡಿನ ಡಿಸೈನನ್ನು ತಲೆಕೆಳಗಾಗಿ ತಿರುಗಿಸಿ ಪ್ರಿಂಟ್ ಮಾಡಿಸಿದರೆ ಬಲ ಅಂಚಿಗೆ ಬಲ ಅಂಚೇ ಸೇರುತ್ತದೆ. ಸ್ಯಾಟಿನ್‌ನಂಥ ಹೊಳಪಿನ ಬಟ್ಟೆಗೆ ಈ ಉಪಾಯ ಬೇಡ, ದಿಕ್ಕು ಬದಲಾದರೆ ಅದರ ಹೊಳಪೂ ಬದಲಾಗುತ್ತದೆ.

8. ಹೊಲಿಯುವ ಮೊದಲು ಒಮ್ಮೆ ನೋಡಿ

ಪ್ರಿಂಟ್ ಆದ ಬಟ್ಟೆಯನ್ನು ಹೊಲಿಗೆಗೆ ಕಳಿಸುವ ಮುನ್ನ ಸಹಿ ಮಾಡಿದ ತುಂಡನ್ನು ಅದರ ಮೇಲೇ ಇಟ್ಟು ಎಡ, ಬಲ, ನಡು ಮೂರೂ ಕಡೆ ಹೋಲಿಸಿ. ಹೊಲಿದಾದ ಮೇಲೆ ತಕರಾರು ಎತ್ತಿದರೆ ಎರಡು ಕೂಲಿಯ ಲೆಕ್ಕ ಶುರುವಾಗುತ್ತದೆ. ಹಲವು ಕವರ್ ಬೇಕಿದ್ದರೆ ಒಂದೇ ಸಲ ಮಾಡಿಸಿ, ಸಾಧ್ಯವಾದರೆ ಒಂದು ಹೆಚ್ಚಿಗೆ.

ಬಳಸಿದ ಮೇಲೆ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಬ್ಲೀಚ್ ಬೇಡ. ಇಸ್ತ್ರಿ ಕಡಿಮೆ ಶಾಖದಲ್ಲಿ, ಹಿಂಭಾಗದಿಂದ. ತುಂಬ ಬಿಸಿ ಇಸ್ತ್ರಿಗೆ ಬಣ್ಣ ಮತ್ತೆ ಎದ್ದು ಪಕ್ಕದ ಬಿಳಿ ಭಾಗಕ್ಕೆ ಹತ್ತುತ್ತದೆ. ದಿನಗಟ್ಟಲೆ ಬಿಸಿಲಿನಲ್ಲಿ ಹಾಸಿದ ಕವರ್ ಬಣ್ಣ ಇಳಿದೇ ಇಳಿಯುತ್ತದೆ, ಮರು ಆರ್ಡರಿಗೆ ಅದನ್ನು ಮಾದರಿಯಾಗಿ ಕೊಡಬೇಡಿ. ಲಕೋಟೆಯಲ್ಲಿಟ್ಟ ತುಂಡನ್ನು ತೆಗೆಯಿರಿ, ಜೊತೆಗೆ ಹಿಂದಿನ ಸಲದ ಬಟ್ಟೆಯ ಹೆಸರು, ಮಿಶ್ರಣದ ಅಂಕಿ, ಶಾಖ, ಸಮಯ ಬರೆದಿಟ್ಟುಕೊಂಡಿದ್ದರೆ ಅದನ್ನೂ ಕೊಡಿ. ಬಟ್ಟೆಯ ಲಾಟ್ ಹೊಸದಾಗಿದ್ದರೆ ಪ್ರೆಸ್ ಅದೇ ಆದರೂ 10 ಸೆಂಟಿಮೀಟರ್ ಚೌಕದ ಸ್ಯಾಂಪಲ್ ಇನ್ನೊಮ್ಮೆ ತೆಗೆಸಿ.